ಸಹಾಯ ಬೇಕು: ಬೆಕ್ಕಿನ ನೀರಿನ ಫೌಂಟನ್‌ಗೆ ಪಿಐಆರ್ ಸೆನ್ಸರ್ರೋ, ರೇಡಾರೋ?

ಎರಡು ಬೆಕ್ಕು, ಒಂದು ಸಣ್ಣ ನಾಯಿಗೆ ಪ್ರಾಣಿ ಹತ್ತಿರ ಬಂದಾಗ ಪಂಪ್ ಶುರು ಮಾಡೋ ಸೆನ್ಸರ್ ಇರೋ ಫೌಂಟನ್ ಬೇಕು. ನೀರಿಡೋ ಜಾಗದಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ಹಾಗಾಗಿ ಬ್ಯಾಟರಿದೇ ಆಗಬೇಕು. ಸ್ಟೀಲ್ ಬಟ್ಟಲು, 2–3 ಲೀಟರ್, ನೀರು ಕಮ್ಮಿಯಾದ್ರೆ ತಾನೇ ನಿಲ್ಲೋ ಪಂಪ್ (ನೀರಿಲ್ಲದೆ ಓಡಿದ್ರೆ ಪಂಪ್ ಸುಟ್ಟು ಹೋಗಬಹುದು), ಕೂದಲು ಸಿಕ್ಕೊಂಡಾಗ ಬಿಚ್ಚಿ ತೊಳೆಯೋಕೆ ಬರೋ ಇಂಪೆಲ್ಲರ್ (ಪಂಪ್ ಒಳಗೆ ತಿರುಗೋ ರೆಕ್ಕೆ). ಇಷ್ಟು ಖಚಿತ.

ತಲೆ ಕೆಟ್ಟಿರೋದು ಸೆನ್ಸರ್ ವಿಷಯದಲ್ಲಿ. ಪಿಐಆರ್ ಹಿಡಿಯೋದು ಮೈಶಾಖದ ಚಲನೆ. ಅಡ್ಡ ಹಾದ್ರೆ ಚೆನ್ನಾಗಿ ಗುರುತಿಸುತ್ತೆ, ನೇರ ಎದುರಿಂದ ಮೆಲ್ಲಗೆ ಬಂದ್ರೆ ಎಷ್ಟೋ ಸಲ ತಪ್ಪಿಸುತ್ತೆ. ಕೋಣೆ ಬಿಸಿಯಾದಷ್ಟೂ ಇನ್ನೂ ಮಂಕು. ಬೆಕ್ಕು ಬರೋದೇ ಹಾಗೆ ಮೆಲ್ಲಗೆ! ರೇಡಾರ್ ರೇಡಿಯೋ ಅಲೆ ಬಿಟ್ಟು ಚಲನೆ ಹಿಡಿಯುತ್ತೆ, ಅದಕ್ಕೆ ಶಾಖದ ಹಂಗಿಲ್ಲ, ಆದ್ರೆ ತಿರುಗೋ ಫ್ಯಾನ್, ಅಲ್ಲಾಡೋ ಪರದೆಗೂ ಪಂಪ್ ಶುರುವಾಗಿ ಬ್ಯಾಟರಿ ಬೇಗ ಖಾಲಿಯಾಗಬಹುದು.

ಎರವಲು ತಂದ ಪಿಐಆರ್ ಮಾದರಿಯನ್ನ ಓರೆಯಾಗಿ ಇಟ್ಟು, ಪಕ್ಕದಿಂದ ಬರೋ ಹಾಗೆ ಮಾಡಿ ನೋಡಿದ್ವಿ. ನಾಯಿಗೆ ಸರಿಹೋಯ್ತು, ಬೆಕ್ಕುಗಳಿಗೆ ಇಲ್ಲ. ಟೈಮರ್ ಮೋಡ್‌ನಲ್ಲಿ (ಸೆನ್ಸರ್ ಇಲ್ಲದೆ ಆಗಾಗ ತಾನೇ ಓಡೋದು) ನೀರು ನಿಂತು ಲೋಳೆ ಕಟ್ಟೋದು ಕಮ್ಮಿ, ಆದ್ರೆ ಬೆಕ್ಕು ಬಂದ ಹೊತ್ತಿಗೆ ನೀರು ಹರೀತಿರುತ್ತೆ ಅಂತ ಹೇಳೋಕಾಗಲ್ಲ.

ಫ್ಯಾನ್ ಸದಾ ಓಡೋ ಕೋಣೆಯಲ್ಲಿ ರೇಡಾರ್ ಮಾದರಿ ಬಳಸ್ತಿರೋರು ದಯವಿಟ್ಟು ಹೇಳಿ: ಅದರ ವ್ಯಾಪ್ತಿಯನ್ನ 1 ಮೀಟರ್ ಒಳಗೆ ಇಳಿಸೋಕೆ ಬರುತ್ತಾ, ಇಳಿಸಿದ ಮೇಲೂ ಫ್ಯಾನ್‌ಗೆ ಪಂಪ್ ಆನ್ ಆಗುತ್ತಾ?