ಜಿಆರ್‌ಇ ಪ್ರಬಂಧ: 30 ನಿಮಿಷದಲ್ಲಿ ಮುಗಿಸುವುದಕ್ಕೇ ಆಗುತ್ತಿಲ್ಲ

ಪ್ರಶ್ನೆ

ಇನ್ನು ಹದಿನೆಂಟು ದಿನಕ್ಕೆ ನನ್ನ ಜಿಆರ್‌ಇ (ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಬರೆಯುವ ಪ್ರವೇಶ ಪರೀಕ್ಷೆ) ಇದೆ. ಗಣಿತಕ್ಕೆ ಹೆದರಿಕೆ ಇಲ್ಲ, ಪ್ರಬಂಧದ್ದೇ ಚಿಂತೆ. ನಿನ್ನೆ ಅಲಾರಂ ಇಟ್ಟುಕೊಂಡು ಬರೆದೆ. ಪೀಠಿಕೆಗೇ ಹನ್ನೊಂದು ನಿಮಿಷ ಹೋಯಿತು. ಮೊದಲ ವಾಕ್ಯವನ್ನು ನಾಲ್ಕು ಸಲ ಅಳಿಸಿ ಬರೆದೆ. ಅಲಾರಂ ಹೊಡೆದಾಗ ಮೂರನೇ ಪ್ಯಾರಾ ಅರ್ಧಕ್ಕೇ ನಿಂತಿತ್ತು.

ಇನ್ನೊಂದು ಗೊಂದಲ. ಅಕ್ಕ ಓದಿದ ಹಳೇ ಪುಸ್ತಕದಲ್ಲಿ ಇಶ್ಯೂ (ಕೊಟ್ಟ ಹೇಳಿಕೆಯ ಬಗ್ಗೆ ನಮ್ಮ ನಿಲುವು ಬರೆಯುವುದು), ಆರ್ಗ್ಯುಮೆಂಟ್ (ಬೇರೆಯವರ ವಾದವನ್ನು ವಿಮರ್ಶಿಸುವುದು) ಅಂತ ಎರಡು ಪ್ರಬಂಧ ಇವೆ. ಎರಡನ್ನೂ ಅಭ್ಯಾಸ ಮಾಡಬೇಕಾ? ಮಾದರಿ ಪ್ರಬಂಧ ಬಾಯಿಪಾಠ ಮಾಡಿದರೆ ಉಪಯೋಗ ಆಗುತ್ತಾ?

ಉತ್ತರ 1

ಆರ್ಗ್ಯುಮೆಂಟ್ ಈಗ ಇಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆಯನ್ನು ಚಿಕ್ಕದು ಮಾಡಿದಾಗ ಅದನ್ನು ತೆಗೆದರು. ಇಶ್ಯೂ ಒಂದೇ, 30 ನಿಮಿಷ, ಅದೇ ಮೊದಲು ಬರುತ್ತದೆ. ಬಾಯಿಪಾಠ ಖಂಡಿತ ಬೇಡ. ಬೇರೆಯವರ ಬರಹಕ್ಕೆ ಹೋಲುತ್ತದಾ ಅಂತ ಸಾಫ್ಟ್‌ವೇರ್ ಹಾಕಿ ನೋಡುತ್ತಾರೆ. ಬರಬಹುದಾದ ವಿಷಯಗಳ ಪಟ್ಟಿಯನ್ನು ಪರೀಕ್ಷೆ ನಡೆಸುವ ಇಟಿಎಸ್‌ ಸಂಸ್ಥೆಯವರೇ ತಮ್ಮ ವೆಬ್‌ಸೈಟಿನಲ್ಲಿ ಹಾಕಿದ್ದಾರೆ. ಮೊದಲು ಅದನ್ನು ಓದಿ.

ಉತ್ತರ 2

ನನಗೆ ಮೊದಲ ಸಲ 6ಕ್ಕೆ 3.5 ಬಂತು, ಎರಡನೇ ಸಲ 4.5. ನಡುವೆ ನನ್ನ ಇಂಗ್ಲಿಷ್ ಏನೂ ಬದಲಾಗಿರಲಿಲ್ಲ. ಬರೆಯುವ ಮೊದಲು ಯೋಚಿಸುವ ರೀತಿ ಬದಲಾಗಿತ್ತು, ಅಷ್ಟೇ.

ನೀವು ಪೀಠಿಕೆಯಲ್ಲಿ ಸಿಕ್ಕಿಕೊಳ್ಳುವುದು ಭಾಷೆಯಿಂದ ಅಲ್ಲ ಅಂತ ನನಗನ್ನಿಸುತ್ತದೆ. ಏನು ಹೇಳಬೇಕು ಅನ್ನುವುದು ಇನ್ನೂ ಗಟ್ಟಿಯಾಗಿರುವುದಿಲ್ಲ, ಅದಕ್ಕೇ ವಾಕ್ಯ ನಿಲ್ಲುವುದಿಲ್ಲ. ಮೊದಲ ಐದು ನಿಮಿಷ ಕೀಬೋರ್ಡ್ ಮುಟ್ಟಬೇಡಿ. ರಫ್ ಹಾಳೆಯಲ್ಲಿ ಗೀಚಿ. ಕನ್ನಡದಲ್ಲಿ ಬೇಗ ಹೊಳೆದರೆ ಕನ್ನಡದಲ್ಲೇ ಗೀಚಿ. ನಾನು ಹಾಗೇ ಮಾಡಿದ್ದು.

ವಿಷಯದ ಕೆಳಗಿರುವ ಸೂಚನೆಯನ್ನು ಎರಡು ಸಲ ಓದಿ. ಎಲ್ಲದಕ್ಕೂ ಒಂದೇ ಸೂಚನೆ ಇರುವುದಿಲ್ಲ. ಒಂದರಲ್ಲಿ ಈ ಮಾತು ಯಾವ ಸಂದರ್ಭದಲ್ಲಿ ಸರಿ, ಯಾವುದರಲ್ಲಿ ತಪ್ಪು ಅಂತ ಕೇಳುತ್ತಾರೆ. ಇನ್ನೊಂದರಲ್ಲಿ ನಿಮ್ಮ ನಿಲುವಿಗೆ ಬರಬಹುದಾದ ಆಕ್ಷೇಪಕ್ಕೆ ಉತ್ತರ ಕೊಡಿ ಅನ್ನುತ್ತಾರೆ. ಮೊದಲ ಸಲ ನಾನು ಇದನ್ನು ಓದದೆ ಸುಮ್ನೆ ಒಪ್ಪುತ್ತೇನೆ ಅಂತ ಬರೆದು ಬಂದಿದ್ದೆ.

ಒಂದು ವಿಷಯ ತಗೊಳ್ಳೋಣ: ‘ಏನು ಕಲಿಯಬೇಕು ಅನ್ನುವುದನ್ನು ವಿದ್ಯಾರ್ಥಿಗಳೇ ಆರಿಸಿಕೊಳ್ಳಬೇಕು.’ ಫ್ಯಾರಡೆ ನೆನಪಾಗುತ್ತಾರೆ. ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಾ, ಅಲ್ಲಿಗೆ ಬಂದ ಪುಸ್ತಕಗಳಲ್ಲಿ ತಮಗೆ ಬೇಕಾದ್ದನ್ನು ಓದಿ ವಿಜ್ಞಾನಿಯಾದವರು. ವಿಷಯದ ಪರ ಒಳ್ಳೆಯ ಉದಾಹರಣೆ, ಅಲ್ವಾ? ಆದರೆ ಅವರಿಗೆ ಗಣಿತ ಅಷ್ಟಾಗಿ ಬರುತ್ತಿರಲಿಲ್ಲ. ಅವರ ವಿಚಾರಗಳನ್ನು ಸಮೀಕರಣಕ್ಕೆ ಇಳಿಸಿದವರು ಮ್ಯಾಕ್ಸ್‌ವೆಲ್ ಅನ್ನುವ ಇನ್ನೊಬ್ಬ ವಿಜ್ಞಾನಿ. ಅಂದರೆ ಆಸಕ್ತಿ ಒಂದರ ಬೆನ್ನು ಹತ್ತಿದರೆ ಎಲ್ಲೋ ಒಂದು ಕಡೆ ಖಾಲಿ ಉಳಿಯಬಹುದು. ಒಂದೇ ಉದಾಹರಣೆ ಎರಡೂ ಕಡೆ ಮಾತಾಡಿತು ನೋಡಿ. ನಿಲುವು ತಾನಾಗಿ ಬಂತು: ಅಡಿಪಾಯ ಎಲ್ಲರಿಗೂ ಒಂದೇ ಇರಲಿ, ಅದರ ಮೇಲಿನದು ಅವರವರ ಆಯ್ಕೆಗೆ ಬಿಡಿ. ಇದೇ ನಿಮ್ಮ ಪೀಠಿಕೆ. ಎರಡು ವಾಕ್ಯ ಸಾಕು.

ಆಮೇಲೆ ಇಪ್ಪತ್ತೊಂದು ನಿಮಿಷ ಬರೆಯಿರಿ. ಕೊನೆಯ ನಾಲ್ಕು ನಿಮಿಷ ಓದುವುದಕ್ಕೇ ಇಡಿ. ಆ ನಾಲ್ಕು ನಿಮಿಷವನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿ.

ಉತ್ತರ 3

ಒಂದು ಮಾತು ಸೇರಿಸುತ್ತೇನೆ. ಪರೀಕ್ಷೆಯಲ್ಲಿ ಸ್ಪೆಲಿಂಗ್ ತಪ್ಪಿದರೆ ಕೆಂಪು ಗೆರೆ ಬರುವುದಿಲ್ಲ. ಮನೆಯಲ್ಲೂ ಅದಿಲ್ಲದ ನೋಟ್‌ಪ್ಯಾಡ್‌ನಲ್ಲೇ ಬರೆದು ಅಭ್ಯಾಸ ಮಾಡಿ. ಟೈಪಿಂಗ್ ನಿಧಾನ ಇದ್ದರೆ ದಿನಾ ಕಾಲು ಗಂಟೆ ಅದಕ್ಕೇ ಕೊಡಿ.

ಪ್ರಶ್ನೆ ಕೇಳಿದವರು

ಇವತ್ತು ಬೆಳಿಗ್ಗೆ ಐದು ನಿಮಿಷ ಕೈಕಟ್ಟಿ ಕೂತೆ. ಬಹಳ ಕಷ್ಟ ಆಯಿತು, ಹೊತ್ತು ಹೋಗುತ್ತಿದೆ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ನಾಲ್ಕು ಪ್ಯಾರಾ ಮುಗಿಯಿತು! ಓದಿ ನೋಡಲು ಎರಡು ನಿಮಿಷ ಸಿಕ್ಕಿತು. ಎರಡನೇ ಉದಾಹರಣೆ ಮಾತ್ರ ಇನ್ನೂ ಸಪ್ಪೆ ಅನ್ನಿಸುತ್ತಿದೆ. ಇಲ್ಲಿ ಹಾಕಿದರೆ ನೋಡಿ ಹೇಳುತ್ತೀರಾ?

ಉತ್ತರ 2 ಬರೆದವರು

ಹಾಕಿ. ತಿದ್ದದೆ, ಅಲಾರಂ ಹೊಡೆದಾಗ ಹೇಗಿತ್ತೋ ಹಾಗೇ ಹಾಕಿ. ಜೊತೆಗೆ ರಫ್ ಹಾಳೆಯ ಫೋಟೋ ಕೂಡ. ಸಂಜೆ ನೋಡುತ್ತೇನೆ.