ಮಗು ಶಾಲೆಯ ಬ್ಯಾಂಡಿಗೆ ಸೇರಿದಾಗ ಸಂಗೀತ ಬಾರದ ಮನೆಯವರು ಏನು ಮಾಡಬಹುದು? – ಅನುಭವ ಹಂಚಿಕೆ

ಪ್ರಶ್ನೆ

ಹತ್ತು ವರ್ಷದ ನನ್ನ ಮಗ ಈ ವರ್ಷ ಶಾಲೆಯ ಬ್ಯಾಂಡಿಗೆ ಸೇರುತ್ತಿದ್ದಾನೆ. ಎರಡು ವಾರದೊಳಗೆ ವಾದ್ಯವನ್ನು ಆರಿಸಿಕೊಳ್ಳುವಂತೆ ಶಿಕ್ಷಕರು ತಿಳಿಸಿದ್ದಾರೆ. ಅವನ ಮನಸ್ಸು ಕ್ಲಾರಿನೆಟ್ ಮತ್ತು ಟ್ರಂಪೆಟ್‌ಗಳ ನಡುವೆ ಓಲಾಡುತ್ತಿದೆ. ನನಗಾಗಲಿ ನನ್ನ ಪತ್ನಿಗಾಗಲಿ ಸಂಗೀತದ ಗಂಧವೂ ಇಲ್ಲ, ಸ್ವರಲಿಪಿಯನ್ನು ಓದಲೂ ಬಾರದು. ವಾದ್ಯವನ್ನು ಕೊಳ್ಳಬೇಕೇ ಅಥವಾ ಬಾಡಿಗೆಗೆ ತರಬೇಕೇ, ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡಿಸಬೇಕು, ಏನೂ ತಿಳಿಯದ ನಾವು ಅವನಿಗೆ ಹೇಗೆ ನೆರವಾಗಬಹುದು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕೆಂದು ವಿನಂತಿ.

ಕ್ಲಾರಿನೆಟ್ ಕಲಿಯುತ್ತಿರುವ ಮಗಳ ತಾಯಿಯ ಉತ್ತರ

ನಿಮ್ಮ ಪ್ರಶ್ನೆಯ ಕೊನೆಯ ಭಾಗದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆರು ವರ್ಷಗಳ ಹಿಂದೆ ನನ್ನನ್ನು ಹೆಚ್ಚು ಕಾಡಿದ್ದೂ ಅದೇ. ಸಂಗೀತ ಬಾರದ ತಂದೆತಾಯಿ ಮಗುವಿಗೆ ಸಂಗೀತ ಕಲಿಸಬೇಕಾಗಿಲ್ಲ, ಆ ಕೆಲಸಕ್ಕೆ ಶಿಕ್ಷಕರಿದ್ದಾರೆ. ವಾದ್ಯದಲ್ಲಿರುವ ದೋಷವನ್ನು ಮಗು ತನ್ನ ದೋಷವೆಂದು ತಿಳಿದುಕೊಳ್ಳದಂತೆ ನೋಡಿಕೊಳ್ಳುವುದು ಮಾತ್ರ ಮನೆಯವರಿಂದಲೇ ಆಗಬೇಕಾದ ಕೆಲಸ. ಇದನ್ನು ನಾನು ತಡವಾಗಿ ಅರಿತುಕೊಂಡೆ.

ನನ್ನ ಮಗಳು ಕಲಿಯಲಾರಂಭಿಸಿದ ಎರಡನೆಯ ತಿಂಗಳಲ್ಲಿ ಎಡಗೈ ಬೆರಳುಗಳಷ್ಟೇ ಬೇಕಾಗುವ ಸ್ವರಗಳು ಹೇಗೋ ಬರುತ್ತಿದ್ದವು. ಬಲಗೈ ಬೆರಳುಗಳೂ ಸೇರಬೇಕಾದ ಕೆಳಗಿನ ಸ್ವರಗಳಿಗೆ ಇಳಿದ ಕೂಡಲೇ ವಾದ್ಯ ಕಿರ್ರೆಂದು ಚೀರುತ್ತಿತ್ತು, ಇಲ್ಲವೇ ಬರೀ ಗಾಳಿ ಹೊರಬರುತ್ತಿತ್ತು. ತರಗತಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿದ್ದುದರಿಂದ ಶಿಕ್ಷಕರು ಅವಳಿಗೆ ರಂಧ್ರಗಳನ್ನು ಸರಿಯಾಗಿ ಮುಚ್ಚಬೇಕೆಂದು ಹೇಳಿ ಮುಂದಕ್ಕೆ ಹೋಗುತ್ತಿದ್ದರು. ಅವಳು ಮನೆಗೆ ಬಂದು ಇನ್ನೂ ಬಿಗಿಯಾಗಿ ಒತ್ತುತ್ತಿದ್ದಳು. ಒಂದು ಸಂಜೆ ಅವಳ ಬೆರಳುಗಳನ್ನು ಬಿಡಿಸಿ ನೋಡಿದೆ. ಒಂದೊಂದರ ತುದಿಯಲ್ಲೂ ರಂಧ್ರದ ದುಂಡನೆಯ ಅಚ್ಚು ಕೆಂಪಗೆ ಮೂಡಿತ್ತು. "ನನ್ನ ಬೆರಳು ಚಿಕ್ಕದಮ್ಮಾ, ಇದು ನನಗೆ ಬರೋದಿಲ್ಲ" ಎಂದಳು. ನಾನೂ ಅದನ್ನು ನಂಬಿಬಿಟ್ಟಿದ್ದೆ.

ಮೂರು ವಾರ ಕಳೆದ ಮೇಲೆ ವಾದ್ಯವನ್ನು ದುರಸ್ತಿ ಮಾಡುವವರ ಬಳಿಗೆ ಒಯ್ದೆವು. ವಾದ್ಯದ ರಂಧ್ರಗಳನ್ನು ಮುಚ್ಚಿ ತೆರೆಯುವ ಲೋಹದ ಸನ್ನೆಗೆ ಕೀಲಿಯೆಂದೂ ಅದರ ಅಡಿಯಲ್ಲಿರುವ ಮೆತ್ತೆಗೆ ಪ್ಯಾಡೆಂದೂ ಹೆಸರು. ಅವರು ತೆಳ್ಳನೆಯ ಕಾಗದದ ಪಟ್ಟಿಯೊಂದನ್ನು ಪ್ರತಿ ಕೀಲಿಯ ಪ್ಯಾಡಿನ ಕೆಳಗೆ ತೂರಿಸಿ, ಕೀಲಿಯನ್ನು ಮುಚ್ಚಿ, ಮೆಲ್ಲಗೆ ಎಳೆಯುತ್ತಾ ಹೋದರು. ಪ್ಯಾಡು ಸರಿಯಾಗಿ ಕೂತಿದ್ದ ಕಡೆಯಲ್ಲೆಲ್ಲ ಕಾಗದ ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಮೇಲಿನ ಭಾಗದ ಪಕ್ಕದಲ್ಲಿರುವ ಒಂದು ಕೀಲಿಯ ಬಳಿ ಮಾತ್ರ ಅದು ತಡೆಯೇ ಇಲ್ಲದೆ ಜಾರಿ ಬಂತು. ಸ್ಪ್ರಿಂಗಿನ ಬಲದಿಂದ ಸದಾ ಮುಚ್ಚಿಕೊಂಡೇ ಇರಬೇಕಾದ, ಮಗಳು ಅಲ್ಲಿಯವರೆಗೆ ಒಮ್ಮೆಯೂ ಮುಟ್ಟಿರದ ಕೀಲಿ ಅದು. ಅದರ ಪ್ಯಾಡು ಹರಿದಿತ್ತು. ಗಾಳಿ ಅಲ್ಲಿ ಸೋರುತ್ತಿದ್ದರೆ ಕೆಳಗಿನ ರಂಧ್ರಗಳನ್ನು ಎಷ್ಟು ಗಟ್ಟಿಯಾಗಿ ಮುಚ್ಚಿದರೂ ಪ್ರಯೋಜನವಿಲ್ಲ. ಹೊಸ ಪ್ಯಾಡು ಹಾಕಿಸಿಕೊಂಡು ಅಲ್ಲಿಯೇ ಊದಿದಾಗ ಅದೇ ಬೆರಳುಗಳಲ್ಲಿ ಕೆಳಗಿನ ಸ್ವರ ತುಂಬಿಕೊಂಡು ಬಂತು. ಅವಳು ವಾದ್ಯವನ್ನು ಬಾಯಿಂದ ತೆಗೆದು ತನ್ನ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆ ಮೂರು ವಾರಗಳ ವಿಷಯದಲ್ಲಿ ನನಗೆ ಈಗಲೂ ಸಂಕಟವಿದೆ.

ಇಂತಹ ಸೋರಿಕೆಯನ್ನು ಕಂಡುಹಿಡಿಯಲು ಸಂಗೀತ ಬರಬೇಕಾಗಿಲ್ಲ. ಕ್ಲಾರಿನೆಟ್ಟಿನ ಮೇಲಿನ ಭಾಗವನ್ನಷ್ಟೇ ಬಿಡಿಸಿಕೊಂಡು, ಅದರ ರಂಧ್ರಗಳನ್ನು ದೊಡ್ಡವರು ತಮ್ಮ ಬೆರಳುಗಳಿಂದ ಮುಚ್ಚಿ, ಕೆಳತುದಿಗೆ ಅಂಗೈಯನ್ನು ಒತ್ತಿ ಹಿಡಿದು, ಮೇಲ್ತುದಿಯಿಂದ ಗಾಳಿಯನ್ನು ಒಳಕ್ಕೆ ಹೀರಬೇಕು. ಎಲ್ಲವೂ ಸರಿಯಿದ್ದರೆ ಒಳಗಿನ ಎಳೆತ ಕೆಲವು ಕ್ಷಣ ಹಾಗೆಯೇ ನಿಲ್ಲುತ್ತದೆ. ಎಲ್ಲಾದರೂ ಸೋರುತ್ತಿದ್ದರೆ ಗಾಳಿ ಸಲೀಸಾಗಿ ಬಾಯಿಗೆ ಬರುತ್ತದೆ. ತಿಂಗಳಿಗೊಮ್ಮೆ ಇದನ್ನು ಮಾಡಿ ನೋಡುವುದು ನಮ್ಮ ಮನೆಯಲ್ಲಿ ರೂಢಿಯಾಗಿದೆ.

ಸೋರಿಕೆಗಿಂತಲೂ ಹೆಚ್ಚಾಗಿ ಕಾಡುವುದು ರೀಡ್. ಅದು ಕ್ಲಾರಿನೆಟ್ಟಿನ ಊದುವ ತುದಿಗೆ ಕಟ್ಟುವ, ಊದಿದಾಗ ಕಂಪಿಸಿ ನಾದ ಹೊರಡಿಸುವ, ಒಂದು ಬಗೆಯ ಬೆತ್ತದಂಥ ಹುಲ್ಲಿನಿಂದ ಕೆತ್ತಿದ ಪಟ್ಟಿ. ಅದರ ತುದಿ ಎಷ್ಟು ತೆಳುವೆಂದರೆ ಅಂಗಿಯ ತೋಳು ತಾಗಿದರೂ ಮುಕ್ಕಾಗುತ್ತದೆ, ಮುಕ್ಕಾದ ರೀಡನ್ನು ಎಸೆಯುವುದೇ ಸರಿ. ಆರಂಭದಲ್ಲಿ ಸಾಮಾನ್ಯವಾಗಿ 2 ಅಥವಾ 2½ ಸಂಖ್ಯೆಯ ರೀಡ್ ಕೊಡುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ರೀಡ್ ಗಡುಸಾಗುತ್ತದೆ, ಆದ್ದರಿಂದ ಶಿಕ್ಷಕರು ಹೇಳದೆ ಸಂಖ್ಯೆಯನ್ನು ಹೆಚ್ಚಿಸಬೇಡಿ. ಮೂರು ನಾಲ್ಕು ರೀಡುಗಳನ್ನು ಒಂದು ದಿನಕ್ಕೆ ಒಂದರಂತೆ ಸರದಿಯಲ್ಲಿ ಬಳಸಿ, ನುಡಿಸಿದ ಮೇಲೆ ಒರೆಸಿ ಡಬ್ಬಿಯಲ್ಲಿ ಒಣಗಲು ಬಿಟ್ಟರೆ ಬಹಳ ದಿನ ಬರುತ್ತವೆ. ವಾದ್ಯದ ಒಳಭಾಗವನ್ನೂ ಪ್ರತಿಸಲ ಬಟ್ಟೆ ಎಳೆದು ಒರೆಸಲೇಬೇಕು. ಇನ್ನೊಂದು ಸೂಕ್ಷ್ಮವೆಂದರೆ, ಮೇಲಿನ ಮತ್ತು ಕೆಳಗಿನ ಭಾಗಗಳನ್ನು ಜೋಡಿಸುವಾಗ ಎರಡನ್ನೂ ಬೆಸೆಯುವ ಒಂದು ಸಣ್ಣ ಕೀಲಿ ಅಡ್ಡ ಬರುತ್ತದೆ. ಮೇಲಿನ ಭಾಗದ ಉಂಗುರದ ಕೀಲಿಗಳನ್ನು ಒತ್ತಿ ಹಿಡಿದರೆ ಅದು ಮೇಲೇಳುತ್ತದೆ, ಆಗ ಜೋಡಿಸಬೇಕು. ಬಲವಂತವಾಗಿ ತಿರುಗಿಸಿದರೆ ಆ ಕೀಲಿ ಬಗ್ಗಿಬಿಡುತ್ತದೆ. ಜೋಡಣೆಯ ಕಾರ್ಕ್ ಬಿಗಿಯಾಗಿದ್ದರೆ ಅದಕ್ಕೆಂದೇ ದೊರೆಯುವ ಜಿಡ್ಡನ್ನು ತೆಳುವಾಗಿ ಸವರಿ.

ನನ್ನ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮಗಳು ಸರಿಯಾಗಿ ನುಡಿಸುತ್ತಿದ್ದಾಳೆಯೇ ಎಂದು ಪರೀಕ್ಷಿಸಲು ನಾನು ಕೀಬೋರ್ಡಿನಲ್ಲಿ ಸಿ ಸ್ವರವನ್ನು ಒತ್ತಿದೆ. ಅವಳ ಸಿ ಅದಕ್ಕೆ ಹೊಂದಲಿಲ್ಲ. ತಪ್ಪು ನುಡಿಸುತ್ತಿದ್ದೀಯೆ ಎಂದು ಎರಡು ದಿನ ತಿದ್ದಿದೆ. ವಾಸ್ತವವಾಗಿ ಬ್ಯಾಂಡಿನಲ್ಲಿ ಬಳಸುವ ಸಾಮಾನ್ಯ ಕ್ಲಾರಿನೆಟ್ಟಿನಲ್ಲೂ ಟ್ರಂಪೆಟ್ಟಿನಲ್ಲೂ ಸಿ ಎಂದು ಬರೆದದ್ದನ್ನು ನುಡಿಸಿದರೆ ಕೇಳಿಬರುವುದು ಕೀಬೋರ್ಡಿನ ಬಿ ಫ್ಲ್ಯಾಟ್ ಎಂಬ ಬೇರೆಯೇ ಸ್ವರ. ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಅದೇ ಸಿ ಸ್ವರವು ಇ ಫ್ಲ್ಯಾಟ್ ಆಗಿ ಕೇಳಿಸುತ್ತದೆ. ಸರಿಯಾಗಿದ್ದವಳು ಮಗಳೇ, ಅವಳಲ್ಲಿ ಕ್ಷಮೆ ಕೇಳಿದೆ. ನಿಮ್ಮ ಮಗ ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ಈ ವಿಷಯ ನಿಮ್ಮ ನೆನಪಿನಲ್ಲಿರಲಿ.

ಮೊದಲ ವರ್ಷ ಬಾಡಿಗೆಗೆ ತರುವುದೇ ಒಳ್ಳೆಯದು. ದುರಸ್ತಿಯ ಖರ್ಚು ಬಾಡಿಗೆಯಲ್ಲಿಯೇ ಸೇರಿದೆಯೇ, ಕಟ್ಟಿದ ಹಣದಲ್ಲಿ ಸ್ವಲ್ಪವಾದರೂ ಮುಂದೆ ಕೊಳ್ಳುವಾಗ ವಜಾ ಆಗುತ್ತದೆಯೇ ಎಂದು ಮೊದಲೇ ಕೇಳಿ ಬರವಣಿಗೆಯಲ್ಲಿ ಪಡೆದುಕೊಳ್ಳಿ. ತೀರಾ ಅಗ್ಗದ ಹೊಸ ವಾದ್ಯಕ್ಕೆ ಮರುಳಾಗಬೇಡಿ. ಅಂಥವುಗಳಲ್ಲಿ ಕೀಲಿಗಳ ಲೋಹ ಮೆದುವಾಗಿದ್ದು ಬೇಗ ಬಗ್ಗುತ್ತದೆ, ಬಿಡಿಭಾಗಗಳು ಸಿಗುವುದಿಲ್ಲ, ದುರಸ್ತಿ ಮಾಡುವವರು ಮುಟ್ಟುವುದಕ್ಕೂ ಒಪ್ಪುವುದಿಲ್ಲ. ಬಳಸಿದ ವಾದ್ಯವನ್ನು ಕೊಳ್ಳುವುದಾದರೆ ಹಣ ಕೊಡುವ ಮೊದಲು ಶಿಕ್ಷಕರಿಗೆ ತೋರಿಸಿ.

ಅಭ್ಯಾಸಕ್ಕೆ ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ವಾರದಲ್ಲಿ ಐದು ದಿನವಾದರೂ ಆಗಬೇಕು. ರಜೆಯ ದಿನ ಒಂದೇ ಸಲಕ್ಕೆ ಒಂದು ಗಂಟೆ ಕೂರಿಸಿದರೆ ತುಟಿಯ ಸ್ನಾಯುಗಳು ಸೋಲುತ್ತವೆ, ಮಗುವಿನ ಮನಸ್ಸೂ ಸೋಲುತ್ತದೆ. ಮಕ್ಕಳು ಪ್ರತಿ ಸಲವೂ ಪಾಠವನ್ನು ಮೊದಲ ಸಾಲಿನಿಂದ ಆರಂಭಿಸಿ, ಕಷ್ಟದ ಜಾಗದಲ್ಲಿ ಎಡವಿ, ಮತ್ತೆ ಮೊದಲಿಗೆ ಹೋಗುತ್ತಾರೆ. ಹೀಗಾಗಿ ಬರುವ ಸಾಲು ಇನ್ನೂ ಚೆನ್ನಾಗಿ ಬರುತ್ತದೆ, ಬಾರದ ಸಾಲು ಬಾರದೆಯೇ ಉಳಿಯುತ್ತದೆ. ಎಡವಿದ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ, ಅಷ್ಟನ್ನು ಮಾತ್ರ ನಿಧಾನವಾಗಿ ಐದು ಸಲ ನುಡಿಸು ಎಂದು ಹೇಳುವುದಕ್ಕೆ ನಮಗೆ ಸ್ವರಲಿಪಿ ಬರಬೇಕಾಗಿಲ್ಲ.

ಶಾಲೆಯ ಬ್ಯಾಂಡಿನಲ್ಲಿ ಕಲಿಸುವವರೊಬ್ಬರ ಉತ್ತರ

ಮೇಲಿನ ತಾಯಿಯವರ ಮಾತುಗಳನ್ನು ಓದಿ, ರಂಧ್ರ ಸರಿಯಾಗಿ ಮುಚ್ಚು ಎಂದಷ್ಟೇ ಹೇಳಿ ಮುಂದಕ್ಕೆ ಹೋದ ಸಂದರ್ಭಗಳು ನನಗೂ ನೆನಪಾದವು. ದೊಡ್ಡ ತರಗತಿಯಲ್ಲಿ ಪ್ರತಿಯೊಂದು ವಾದ್ಯವನ್ನೂ ಪರೀಕ್ಷಿಸಲು ನಮಗೆ ಸಮಯ ಸಾಲುವುದಿಲ್ಲ. ಮನೆಯಿಂದ ಒಂದು ಚೀಟಿ ಬಂದರೆ, ಯಾವ ಸ್ವರ ಎಂದಿನಿಂದ ಬರುತ್ತಿಲ್ಲ ಎಂಬ ಎರಡು ಸಾಲು ಇದ್ದರೂ ಸಾಕು, ಆ ಮಗುವನ್ನು ನಾವು ಬೇರೆಯಾಗಿ ಕರೆದು ನೋಡುತ್ತೇವೆ.

ಆಯ್ಕೆಯ ವಿಷಯಕ್ಕೆ ಬರುತ್ತೇನೆ. ಎರಡು ವಾದ್ಯಗಳನ್ನೂ ಹುಡುಗನ ಕೈಗೆ ಕೊಟ್ಟು ಊದಿಸಿ ನೋಡದೆ ತೀರ್ಮಾನಿಸಬೇಡಿ. ಕ್ಲಾರಿನೆಟ್ಟಿಗೆ ಅವನ ಬೆರಳ ತುದಿಗಳು ರಂಧ್ರಗಳನ್ನು ಪೂರ್ತಿಯಾಗಿ ಮುಚ್ಚುವಂತಿರಬೇಕು ಮತ್ತು ಬಲಗೈ ಹೆಬ್ಬೆರಳು ವಾದ್ಯದ ಭಾರವನ್ನು ತಾಳುವಂತಿರಬೇಕು. ಟ್ರಂಪೆಟ್ಟಿನಲ್ಲಿ ರೀಡ್ ಇಲ್ಲ, ಅಲ್ಲಿ ಕಂಪಿಸುವುದು ತುಟಿಗಳೇ. ತುಟಿಗಳನ್ನು ಮುಚ್ಚಿ ನಡುವೆ ಗಾಳಿ ಬಿಟ್ಟು ಜೇನ್ನೊಣದಂತೆ ಗುಂಯ್‌ಗುಟ್ಟಿಸಲು ಅವನಿಗೆ ಸುಲಭವಾಗುತ್ತದೆಯೇ ಎಂದು ನೋಡಿ. ಬೆರಳಿನಿಂದ ಒತ್ತಿ ಗಾಳಿಯ ದಾರಿಯನ್ನು ಬದಲಿಸುವ ಮೂರು ವಾಲ್ವುಗಳನ್ನು ಬೇರೆ ಬೇರೆ ಬಗೆಯಲ್ಲಿ ಒತ್ತಿದಾಗ ನಳಿಕೆಗೆ ದೊರೆಯುವ ಉದ್ದಗಳು ಏಳು ಮಾತ್ರ. ಉಳಿದ ಸ್ವರಗಳನ್ನೆಲ್ಲ ತುಟಿ ಮತ್ತು ಉಸಿರಿನಿಂದಲೇ ಆರಿಸಬೇಕು. ಆದ್ದರಿಂದ ಬೆರಳು ಸರಿಯಿದ್ದೂ ಸ್ವರ ತಪ್ಪುವುದು ಟ್ರಂಪೆಟ್ಟಿನಲ್ಲಿ ತೀರಾ ಸಹಜ, ಅದಕ್ಕಾಗಿ ಮಗುವನ್ನು ಗದರಬಾರದು. ನುಡಿಸುವ ಸ್ವರವನ್ನು ಮೊದಲು ಬಾಯಲ್ಲಿ ಹಾಡಿಸಿ ಅನಂತರ ಊದಿಸಿದರೆ ಬೇಗ ಹಿಡಿತಕ್ಕೆ ಬರುತ್ತದೆ. ಎಷ್ಟು ಹೊತ್ತು ಊದಿದನೋ ಅಷ್ಟು ಹೊತ್ತು ತುಟಿಗೆ ವಿಶ್ರಾಂತಿಯೂ ಬೇಕು.

ಹಲ್ಲಿಗೆ ತಂತಿ ಕಟ್ಟಿಸುವ ಯೋಚನೆಯಿದ್ದರೆ ಈಗಲೇ ತಿಳಿಸಿ. ತಂತಿಯಿದ್ದೂ ಟ್ರಂಪೆಟ್ ನುಡಿಸುವ ಮಕ್ಕಳು ಬಹಳ ಮಂದಿ ಇದ್ದಾರೆ, ಆದರೆ ಮೊದಲ ವಾರಗಳಲ್ಲಿ ತುಟಿಯ ಒಳಭಾಗ ನೋಯುತ್ತದೆ, ಆಗ ಅಭ್ಯಾಸವನ್ನು ಕಡಿಮೆ ಮಾಡಬೇಕಾಗುತ್ತದೆ.

ಟ್ರಂಪೆಟ್ಟಿನ ನಿರ್ವಹಣೆ ಕ್ಲಾರಿನೆಟ್ಟಿಗಿಂತ ಸರಳ. ವಾಲ್ವುಗಳಿಗೆ ಆಗಾಗ ಎಣ್ಣೆ ಬಿಡಬೇಕು. ಎಣ್ಣೆ ಬಿಡಲು ಹೊರತೆಗೆದ ವಾಲ್ವನ್ನು ಅದರದೇ ಕೊಳವೆಗೆ, ಅದರದೇ ದಿಕ್ಕಿನಲ್ಲಿ ಹಾಕಬೇಕು. ಅದಕ್ಕಾಗಿ ವಾಲ್ವಿನ ಮೇಲೆ 1, 2, 3 ಎಂಬ ಅಂಕಿಗಳು ಕೆತ್ತಿರುತ್ತವೆ. ಅದಲುಬದಲಾದರೆ ಗಾಳಿಯೇ ಒಳಹೋಗುವುದಿಲ್ಲ, ಮಗು ಕಣ್ಣೀರು ಹಾಕುತ್ತದೆ, ಮನೆಯವರು ವಾದ್ಯ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಮೌತ್‌ಪೀಸ್ (ಬಾಯಿಗಿಟ್ಟು ಊದುವ ತುದಿ) ಸಿಕ್ಕಿಕೊಂಡರೆ ಇಕ್ಕಳ ಹಾಕಿ ಎಳೆಯಬೇಡಿ, ನಳಿಕೆಯೇ ತಿರುಚಿಕೊಳ್ಳುತ್ತದೆ. ಅದನ್ನು ತೆಗೆಯುವ ಸಾಧನ ಬ್ಯಾಂಡಿನ ಶಿಕ್ಷಕರಲ್ಲಿ ಸಾಮಾನ್ಯವಾಗಿ ಇರುತ್ತದೆ. ಯಾವ ಊದುವಾದ್ಯವೇ ಆಗಲಿ, ಸಿಹಿ ತಿಂದ ಬಾಯಿಯಲ್ಲಿ ನುಡಿಸಬಾರದು.

ಕೊನೆಗೂ ಎರಡು ವಾದ್ಯಗಳೂ ಸಮನಾಗಿ ಒಗ್ಗಿದರೆ, ಯಾವುದರ ನಾದ ಅವನಿಗೆ ಹೆಚ್ಚು ಇಷ್ಟವೋ ಅದನ್ನೇ ಕೊಡಿಸಿ. ಬ್ಯಾಂಡಿಗೆ ಇಂಥ ವಾದ್ಯದವರು ಬೇಕಾಗಿದ್ದಾರೆ ಎಂದು ನಮ್ಮಂಥವರು ಕೆಲವೊಮ್ಮೆ ಒತ್ತಾಯಿಸುತ್ತೇವೆ. ಒಲ್ಲದ ವಾದ್ಯವನ್ನು ಹಿಡಿಸಿದ ಮಕ್ಕಳು ಎರಡನೆಯ ವರ್ಷಕ್ಕೆ ಬಹುತೇಕ ಉಳಿಯುವುದಿಲ್ಲವೆಂಬುದು ನಾನು ಕಂಡ ಸಂಗತಿ.

ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸುವ ಮಗನ ತಂದೆಯ ಉತ್ತರ

ನಮ್ಮದು ತಂತಿವಾದ್ಯವಾದ್ದರಿಂದ ನಿಮಗೆ ನೇರವಾಗಿ ಉಪಯೋಗವಾಗದಿರಬಹುದು, ಆದರೂ ಓದುವ ಇತರರಿಗಾಗಿ ಎರಡು ಮಾತು ಬರೆಯುತ್ತೇನೆ. ಪಿಟೀಲು ಪೂರ್ಣ ಅಳತೆಯಲ್ಲದೆ 3/4, 1/2, 1/4 ಮತ್ತು ಅದಕ್ಕಿಂತ ಚಿಕ್ಕ ಅಳತೆಗಳಲ್ಲಿಯೂ ಸಿಗುತ್ತದೆ. ಗಲ್ಲದ ಕೆಳಗಿಟ್ಟು ಎಡಗೈಯನ್ನು ಮುಂದಕ್ಕೆ ಚಾಚಿದಾಗ ವಾದ್ಯದ ತುದಿಯ ಸುರುಳಿ ಅಂಗೈಯಲ್ಲಿ ಆರಾಮವಾಗಿ ಕೂರಬೇಕು, ಮೊಣಕೈ ಸ್ವಲ್ಪ ಬಾಗಿರಬೇಕು. ಮಗು ಬೆಳೆದಂತೆ ಅಳತೆ ಬದಲಾಗುವುದರಿಂದ ಇಲ್ಲಿಯೂ ಬಾಡಿಗೆಯೇ ಅನುಕೂಲ. ಹೇಗೂ ಬೆಳೆಯುತ್ತಾನೆಂದು ದೊಡ್ಡದನ್ನು ಕೊಡಿಸಿದರೆ ಭುಜ ನೋಯುತ್ತದೆ, ಸ್ವರಗಳಿಗೆ ಬೆರಳು ಎಟುಕುವುದಿಲ್ಲ. ನುಡಿಸಿದ ಮೇಲೆ ಕಮಾನಿನ ತಿರುಪನ್ನು ಸಡಿಲಿಸುವುದನ್ನೂ ಕಮಾನಿನ ಕೂದಲನ್ನು ಬೆರಳಿನಿಂದ ಮುಟ್ಟದಿರುವುದನ್ನೂ ಮೊದಲ ದಿನವೇ ರೂಢಿಸಿ.

ಎಂಟನೆಯ ತಿಂಗಳಲ್ಲಿ ಮಗ ಪಿಟೀಲನ್ನು ಬಿಟ್ಟುಬಿಡುತ್ತೇನೆಂದು ಹಟ ಹಿಡಿದ. ಮನೆಯಲ್ಲಿ ಚೆನ್ನಾಗಿಯೇ ನುಡಿಸುತ್ತಿದ್ದವನು ಆರ್ಕೆಸ್ಟ್ರಾದಲ್ಲಿ ಮಾತ್ರ ಹಿಂದೆ ಬೀಳುತ್ತಿದ್ದ. ಅವನಿಗೆ ತಾಳಜ್ಞಾನವಿಲ್ಲವೇನೋ ಎಂದು ನಾವು ಚಿಂತಿಸಿದೆವು. ಒಂದು ಅಭ್ಯಾಸಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ಗಮನಿಸಿದೆ. ಆರ್ಕೆಸ್ಟ್ರಾದಲ್ಲಿ ಪಿಟೀಲಿನವರು ಇಬ್ಬರಿಗೆ ಒಂದರಂತೆ ಪುಸ್ತಕದ ಸ್ಟ್ಯಾಂಡನ್ನು ಹಂಚಿಕೊಳ್ಳುತ್ತಾರೆ. ಮನೆಯಲ್ಲಿ ಮುಖದ ಹತ್ತಿರವೇ ಇರುತ್ತಿದ್ದ ಹಾಳೆ ಅಲ್ಲಿ ದೂರದಲ್ಲಿ ಓರೆಯಾಗಿ ನಿಂತಿತ್ತು. ಅವನು ಕಣ್ಣು ಕಿರಿದುಗೊಳಿಸಿ, ಕತ್ತು ಚಾಚಿ, ಪಕ್ಕದ ಹುಡುಗನ ಕಮಾನು ಚಲಿಸಿದ ಮೇಲೆ ತನ್ನ ಕಮಾನನ್ನು ಎಳೆಯುತ್ತಿದ್ದ. ಮರುದಿನ ಕಣ್ಣಿನ ಪರೀಕ್ಷೆ ಮಾಡಿಸಿದೆವು, ವಾರದೊಳಗೆ ಕನ್ನಡಕ ಬಂತು. ಮುಂದಿನ ಅಭ್ಯಾಸ ಮುಗಿಸಿ ಬಂದವನು ಪಿಟೀಲಿನ ಪೆಟ್ಟಿಗೆಯನ್ನು ಕೆಳಗಿಡುವ ಮೊದಲೇ ಹೇಳಿದ್ದು, "ಅಪ್ಪಾ, ಆ ಹಾಳೆಯಲ್ಲಿ ಕಮಾನು ಎಲ್ಲಿ ಮೇಲೆ, ಎಲ್ಲಿ ಕೆಳಗೆ ಅಂತ ಗುರುತು ಹಾಕಿದಾರೆ, ನನಗೆ ಗೊತ್ತೇ ಇರಲಿಲ್ಲ."