55 ಸಾವಿರದ ಗೇಮಿಂಗ್ ಪಿಸಿ: ಈ ಕೊಟೇಶನ್‌ನಲ್ಲಿರುವ ಪಾರ್ಟ್ಸ್ ಒಂದಕ್ಕೊಂದು ಮ್ಯಾಚ್ ಆಗ್ತದಾ?

ಬ್ರಹ್ಮಾವರ_ಬಿಲ್ಡ್

ಎಲ್ರಿಗೂ ನಮಸ್ಕಾರ. ನಾನು ಬ್ರಹ್ಮಾವರದವ, ಇಂಜಿನಿಯರಿಂಗ್ ಎರಡನೇ ವರ್ಷ. ಸ್ವಂತ ಗೇಮಿಂಗ್ ಪಿಸಿ ಮಾಡ್ಬೇಕು ಅಂತ ತುಂಬ ದಿನದ ಆಸೆ, ಈಗ ಮನೆಯಲ್ಲಿ 55 ಸಾವಿರಕ್ಕೆ ಒಪ್ಪಿದ್ದಾರೆ. ಮಾನಿಟರ್ ಉಂಟು, 24 ಇಂಚು 1080ಪಿ, ಕೀಬೋರ್ಡ್ ಮೌಸ್ ಎಲ್ಲ ಉಂಟು, ಹಾಗಾಗಿ ಇದಿಷ್ಟೂ ಡಬ್ಬಿ ಒಳಗಿನದ್ದಕ್ಕೆ ಮಾತ್ರ.

ಇಲ್ಲಿ ಒಂದು ಅಂಗಡಿಯಲ್ಲಿ ಕೊಟೇಶನ್ ಬರೆಸಿದೆ. ರೈಝನ್ 5 5600 ಪ್ರೊಸೆಸರ್, ಬಿ450 ಮದರ್‌ಬೋರ್ಡ್ (ಸೆಕೆಂಡ್ ಹ್ಯಾಂಡ್), 16 ಜಿಬಿ ಡಿಡಿಆರ್5 ರ‍್ಯಾಮ್ ಒಂದೇ ಸ್ಟಿಕ್, ಗ್ರಾಫಿಕ್ಸ್ ಕಾರ್ಡ್ ಆರ್‌ಎಕ್ಸ್ 6500 ಎಕ್ಸ್‌ಟಿ 4 ಜಿಬಿ, 512 ಜಿಬಿ ಎಮ್.2 ಎಸ್‌ಎಸ್‌ಡಿ, ಮತ್ತೆ ಕ್ಯಾಬಿನೆಟ್ ಜೊತೆಗೇ ಬರುವ 450 ವಾಟ್ ಎಸ್‌ಎಮ್‌ಪಿಎಸ್ (ಪಾರ್ಟ್ಸ್‌ಗೆಲ್ಲ ಕರೆಂಟ್ ಕೊಡುವ ಪೆಟ್ಟಿಗೆ). ಎಲ್ಲ ಮ್ಯಾಚ್ ಆಗ್ತದೆ ಅಂದ್ರು, ಆದ್ರೆ ನಂಗೆ ಒಂಚೂರು ಡೌಟು. ಆಡೋದು ವ್ಯಾಲೊರಂಟ್, ಜಿಟಿಎ 5, ಫೋರ್ಝಾ ಹೊರೈಝನ್ 5, ಆಗೋದಾದ್ರೆ ಸೈಬರ್‌ಪಂಕ್ ಕೂಡ. ಕಾಲೇಜಿಗೆ ಪೈಥಾನ್, ಸ್ವಲ್ಪ ಬ್ಲೆಂಡರ್ ಕಲಿತಾ ಇದ್ದೇನೆ. ದುಡ್ಡು ಒಮ್ಮೆ ಹೋದ್ರೆ ಮತ್ತೆ ಕೇಳ್ಲಿಕ್ಕೆ ಆಗೋದಿಲ್ಲ, ಗೊತ್ತಿದ್ದವರು ನೋಡಿ ಹೇಳಿ.

ಸುರತ್ಕಲ್_ರಿಗ್

ಅಡ್ವಾನ್ಸ್ ಕೊಟ್ಟಿಲ್ಲ ಅಲ್ವಾ? ಕೊಡ್ಬೇಡಿ ಮಾರಾಯ್ರೆ. ಈ ಲಿಸ್ಟ್ ಹೀಗೇ ತಂದ್ರೆ ಪಿಸಿ ಆನ್ ಸಹ ಆಗೋದಿಲ್ಲ.

5600 ಅಂದ್ರೆ ಎಎಮ್4 ಸಾಕೆಟ್ (ಬೋರ್ಡಲ್ಲಿ ಪ್ರೊಸೆಸರ್ ಕೂರುವ ಜಾಗ), ಅದು ಡಿಡಿಆರ್4 ಮಾತ್ರ ತಕೊಳ್ತದೆ. ಡಿಡಿಆರ್5 ಬೇಕಿದ್ರೆ ಎಎಮ್5 ಬೋರ್ಡ್ ಬೇಕು, ಅದಕ್ಕೆ ರೈಝನ್ 7000 ಸೀರೀಸ್‌ನಿಂದ ಮೇಲಿನದ್ದು. ಡಿಡಿಆರ್4, ಡಿಡಿಆರ್5 ಎರಡಕ್ಕೂ ಪಿನ್ 288ಏ ಇರೋದು, ಉದ್ದನೂ ಒಂದೇ, ಆದ್ರೆ ಕೆಳಗೆ ಚಿನ್ನದ ಬಣ್ಣದ ಪಟ್ಟಿ ಮಧ್ಯ ಒಂದು ಕಚ್ಚು ಉಂಟಲ್ಲ, ಅದರ ಜಾಗ ಬೇರೆ. ಸ್ಲಾಟಿಗೆ ಕೂರೋದೇ ಇಲ್ಲ, ಒತ್ತಿ ಕೂರಿಸ್ಲಿಕ್ಕೆ ಹೋದ್ರೆ ಸ್ಲಾಟೇ ಹೋಗ್ತದೆ. ಕೊಟೇಶನ್ ಬರೆಯುವಾಗ 4ರ ಬದಲು 5 ಬಿದ್ದಿರ್ಲಿಕ್ಕೂ ಸಾಕು, ಕೇಳಿ ನೋಡಿ. ಆದ್ರೆ ಬಿಲ್ಲಿನಲ್ಲಿ ಸರಿಯಾಗಿ ಬರೆಸ್ಕೊಳ್ಳಿ.

ಆಮೇಲೆ ಬೋರ್ಡ್. ಬಿ450 ಬಂದಿದ್ದು 2018ರಲ್ಲಿ, 5600 ಬಂದಿದ್ದು 2022ರಲ್ಲಿ. ಹಳೇ ಬಯೋಸ್ (ಪಿಸಿ ಶುರು ಮಾಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಇದ್ರೆ ಬೋರ್ಡಿಗೆ ಆ ಪ್ರೊಸೆಸರ್ ಯಾರಂತಲೇ ಗೊತ್ತಾಗೋದಿಲ್ಲ, ಫ್ಯಾನ್ ತಿರುಗ್ತದೆ, ಸ್ಕ್ರೀನ್ ಕಪ್ಪು. ಅಪ್‌ಡೇಟ್ ಮಾಡಿದ್ರೆ ಚೆನ್ನಾಗೇ ನಡೀತದೆ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಅಪ್‌ಡೇಟ್ ಮಾಡ್ಲಿಕ್ಕೆ ಒಂದೋ ಹಳೇ ರೈಝನ್ ಒಂದು ಕೈಯಲ್ಲಿ ಇರ್ಬೇಕು, ಇಲ್ಲದ್ರೆ ಬೋರ್ಡಲ್ಲಿ ಪ್ರೊಸೆಸರ್ ಇಲ್ಲದೆಯೇ ಅಪ್‌ಡೇಟ್ ಮಾಡುವ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರ್ಬೇಕು. ಸೆಕೆಂಡ್ ಹ್ಯಾಂಡ್ ತಕೊಳ್ಳೋದೇ ಆದ್ರೆ ಅಂಗಡಿಯಲ್ಲೇ 5600 ಹಾಕಿ ಬಯೋಸ್ ಸ್ಕ್ರೀನ್ ತೋರಿಸಿ ಅಂತ ಹೇಳಿ. ನನ್ನ ಪ್ರಕಾರ ಹೊಸ ಬಿ550ಎಮ್ ತಕೊಳ್ಳಿ, ವ್ಯತ್ಯಾಸ ಅಂಥದ್ದೇನೂ ಇರೋದಿಲ್ಲ, ವಾರಂಟಿಯೂ ಸಿಕ್ತದೆ.

ಇನ್ನೊಂದು, ಇದು ಯಾರೂ ಹೇಳೋದಿಲ್ಲ. 6500 ಎಕ್ಸ್‌ಟಿ ಕಾರ್ಡ್ ಬೋರ್ಡ್ ಜೊತೆ ಮಾತಾಡೋದು ಬರೀ 4 ಪಿಸಿಐಇ ಲೇನ್‌ನಲ್ಲಿ, ಅಂದ್ರೆ ಡೇಟಾ ಹೋಗುವ 4 ದಾರಿಯಲ್ಲಿ. ಪಿಸಿಐಇ ಜೆನ್ 4 (ನಾಲ್ಕನೇ ತಲೆಮಾರು) ಬೋರ್ಡ್ ಆದ್ರೆ ಹೇಗೋ ನಡೀತದೆ. ಬಿ450 ಜೆನ್ 3, ಅಲ್ಲಿ ಆ ದಾರಿಯ ವೇಗ ಅರ್ಧಕ್ಕೆ ಇಳೀತದೆ. ಮೆಮೊರಿ ಬೇರೆ 4 ಜಿಬಿ, ಈಗಿನ ಗೇಮಿಗೆ ಅದು ಸಾಕಾಗದೆ ರ‍್ಯಾಮಿಗೆ ಓಡ್ತದೆ, ಓಡುವ ದಾರಿಯೇ ಇಕ್ಕಟ್ಟು, ಆಗ ಫೋರ್ಝಾದಲ್ಲಿ ತಿರುವಿನಲ್ಲಿ ಗಾಡಿ ಜರ್ಕ್ ಹೊಡೆಯೋದು. ಅಂದ್ರೆ ಆ ಬೋರ್ಡಿಗೆ ಆ ಕಾರ್ಡು ಹಾಕಿದ್ರೆ ಕೂರ್ತದೆ, ನಡೀತದೆ, ಆದ್ರೂ ಜೋಡಿ ಸರಿ ಇಲ್ಲ. ಪಾರ್ಟ್ ಒಂದೊಂದೇ ಒಳ್ಳೇದಾ ಕೆಟ್ಟದ್ದಾ ಅಂತ ಕೇಳಿದ್ರೆ ಸಾಕಾಗೋದಿಲ್ಲ, ಪಕ್ಕದ್ದರ ಜೊತೆ ಹೇಗೆ ಅಂತ ಕೇಳ್ಬೇಕು.

ಎಸ್‌ಎಮ್‌ಪಿಎಸ್ ಬಗ್ಗೆ ರಾತ್ರಿ ಬರೀತೇನೆ, ಈಗ ಡ್ಯೂಟಿ ಉಂಟು.

ಮಣಿಪಾಲ_ಫ್ರೇಮ್ಸ್

ಈಗ ಹೊಸದಾಗಿ ಕಟ್ಟುವವರು ಎಎಮ್4 ಯಾಕೆ ತಕೊಳ್ತೀರಿ? ಅಲ್ಲಿ ಮುಂದೆ ದಾರಿ ಇಲ್ಲ, 5700ಎಕ್ಸ್‌ಗೆ ಹೋಗ್ಬಹುದು, ಅದರಿಂದ ಆಚೆ ಹೆಚ್ಚೇನಿಲ್ಲ. ಎಎಮ್5 2022ರಲ್ಲಿ ಬಂದದ್ದು, 2027 ಮತ್ತು ಆಮೇಲೂ ಸಪೋರ್ಟ್ ಕೊಡ್ತೇವೆ ಅಂತ ಎಎಮ್‌ಡಿಯವರೇ ಹೇಳಿದ್ದಾರೆ. 7500ಎಫ್ ಮತ್ತೆ ಒಂದು ಎ620 ಬೋರ್ಡ್ ಹಾಕಿ, ನಾಲ್ಕು ವರ್ಷ ಬಿಟ್ಟು ಬರೀ ಪ್ರೊಸೆಸರ್ ಬದಲಿಸಿ.

ಬ್ರಹ್ಮಾವರ_ಬಿಲ್ಡ್

ಇಬ್ರಿಗೂ ಥ್ಯಾಂಕ್ಸ್. ಡಿಡಿಆರ್ ವಿಷಯ ಕೇಳಿ ಹೆದರಿಕೆ ಆಯ್ತು. ಅಂಗಡಿಗೆ ಫೋನ್ ಮಾಡಿದೆ, "ಬೋರ್ಡ್ ಬದಲಿಸಿ ಕೊಡುವಾ" ಅಂದ್ರು ಅಷ್ಟೇ. ಎಎಮ್5 ನೋಡಿದೆ, ರ‍್ಯಾಮ್ ರೇಟಲ್ಲೇ ಸಿಕ್ಕಿ ಬೀಳ್ತೇನೆ, ಮತ್ತೆ ಕಾರ್ಡಿಗೆ ದುಡ್ಡು ಉಳಿಯೋದಿಲ್ಲ.

ಒಂದು ವಿಷಯ ಹೇಳ್ಲಿಕ್ಕೆ ಬಿಟ್ಟಿತ್ತು. ಕಾಪುವಿನಲ್ಲಿ ಚಿಕ್ಕಪ್ಪನ ಆಫೀಸಿನ ಹಳೇ ಪಿಸಿ ಉಂಟು, ಬೋರ್ಡ್ ಹೋಗಿದೆ, ರ‍್ಯಾಮ್ ಬೇಕಿದ್ರೆ ತಕೋ ಅಂದಿದ್ದಾರೆ. 8 ಜಿಬಿ ಎರಡು ಸ್ಟಿಕ್, ಮೇಲೆ ಡಿಡಿಆರ್4 2666 ಅಂತ ಸ್ಟಿಕರ್ ಉಂಟು. ಇದು ಆಗ್ತದಾ?

ಸುರತ್ಕಲ್_ರಿಗ್

ಇದನ್ನು ಮೊದಲೇ ಹೇಳ್ಬೇಕಿತ್ತು! ಹಾಗಾದ್ರೆ ಯೋಚನೆಯೇ ಬೇಡ, ಎಎಮ್4ಏ. 2025ರ ಕೊನೆಯಿಂದ ರ‍್ಯಾಮ್ ರೇಟ್ ಹೇಗೆ ಏರಿದೆ ನೋಡಿ, ಎಐ ಡೇಟಾ ಸೆಂಟರ್‌ನವರು ಮೆಮೊರಿ ಎಲ್ಲ ಎತ್ಕೊಂಡು ಹೋಗ್ತಾ ಇದ್ದಾರೆ, ಅಂಥದ್ದರಲ್ಲಿ ಕೈಯಲ್ಲಿ 16 ಜಿಬಿ ಇರುವಾಗ ಬಿಟ್ಟು ಡಿಡಿಆರ್5ಗೆ ದುಡ್ಡು ಸುರಿಯೋದಕ್ಕೆ ಅರ್ಥ ಇಲ್ಲ. ಮಣಿಪಾಲದವರು ಹೇಳಿದ್ದು ತಪ್ಪಲ್ಲ, ಬಜೆಟ್ 80 ದಾಟುವವರಿಗೆ ನಾನೂ ಅದನ್ನೇ ಹೇಳ್ತಿದ್ದೆ. 55ರಲ್ಲಿ ಎಎಮ್5 ಮಾಡಿದ್ರೆ ಗ್ರಾಫಿಕ್ಸ್ ಕಾರ್ಡಿನ ಹೊಟ್ಟೆಗೆ ಹೊಡೆತ, ಗೇಮ್ ಆಡ್ಲಿಕ್ಕೆ ಅಂತ ಕಟ್ಟುವ ಪಿಸಿಯಲ್ಲಿ ಅದು ಆಗ್ಬಾರ್ದು.

ಸ್ಟಿಕ್ ಉದ್ದದ್ದಾ ನೋಡಿ, 13 ಸೆಂಟಿಮೀಟರ್ ಹತ್ರ ಬಂದ್ರೆ ಡೆಸ್ಕ್‌ಟಾಪಿಂದು, ಅದರ ಅರ್ಧದಷ್ಟೇ ಇದ್ರೆ ಲ್ಯಾಪ್‌ಟಾಪಿಂದು, ಅದು ಆಗೋದಿಲ್ಲ. ಕೆಲವು ಆಫೀಸ್ ಪಿಸಿಗಳಲ್ಲಿ ಚಿಕ್ಕದ್ದೇ ಇರ್ತದೆ ಹಾಗಾಗಿ ಹೇಳಿದ್ದು. 2666 ಸ್ವಲ್ಪ ನಿಧಾನ, ರೈಝನ್‌ಗೆ 3200 ಇದ್ರೆ ಖುಷಿ, ಯಾಕೆಂದ್ರೆ ಅದರ ಒಳಗಿನ ಭಾಗಗಳನ್ನು ಜೋಡಿಸುವ ಫ್ಯಾಬ್ರಿಕ್ ರ‍್ಯಾಮ್ ವೇಗದ ಜೊತೆಗೇ ಓಡೋದು. ಹಾಗಂತ ಈಗಲೇ ಬದಲಿಸ್ಬೇಕಂತ ಇಲ್ಲ. ಎರಡು ಸ್ಟಿಕ್ ಇರೋದೇ ದೊಡ್ಡ ಲಾಭ, ಡ್ಯುಯಲ್ ಚಾನೆಲ್ ಆಗ್ತದೆ, ಅಂದ್ರೆ ಎರಡೂ ಸ್ಟಿಕ್ ಜೊತೆ ಪ್ರೊಸೆಸರ್ ಒಟ್ಟಿಗೇ ಕೆಲಸ ಮಾಡ್ತದೆ. ಒಂದೇ ಸ್ಟಿಕ್‌ನಲ್ಲಿ ಅದು ಸಿಕ್ತಿರ್ಲಿಲ್ಲ. ಬೋರ್ಡಲ್ಲಿ ನಾಲ್ಕು ಸ್ಲಾಟ್ ಇದ್ರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇದು ಮತ್ತೆ ನಾಲ್ಕನೇದಕ್ಕೆ ಹಾಕಿ, ಎರಡೂ ತುದಿ ಟಿಕ್ ಅನ್ಬೇಕು. ಒಂದು ಬದಿ ಮಾತ್ರ ಟಿಕ್ ಅಂದು ಇನ್ನೊಂದು ಬದಿ ಕೂತಿರೋದಿಲ್ಲ, ಹೊಸಬರ ಪಿಸಿ ಡಿಸ್‌ಪ್ಲೇ ಬರದೇ ಇರ್ಲಿಕ್ಕೆ ಹೆಚ್ಚಾಗಿ ಅದೇ ಕಾರಣ.

ಈಗ ಎಸ್‌ಎಮ್‌ಪಿಎಸ್. ಕ್ಯಾಬಿನೆಟ್ ಜೊತೆ ಬರುವ 450 ವಾಟ್ ಬೇಡವೇ ಬೇಡ, ಇದೊಂದು ನಾನು ಜಗಳ ಮಾಡಿ ಹೇಳ್ತೇನೆ. ಅದರ ಬದಿಯಲ್ಲಿ ಒಂದು ಟೇಬಲ್ ಪ್ರಿಂಟ್ ಇರ್ತದೆ, ಅಲ್ಲಿ 12 ವೋಲ್ಟ್ ಕೆಳಗೆ ಎಷ್ಟು ಆಂಪ್ಸ್ ಅಂತ ನೋಡಿ. ಪ್ರೊಸೆಸರ್, ಕಾರ್ಡ್ ಎರಡೂ ಉಣ್ಣೋದು ಆ 12 ವೋಲ್ಟಿಂದಲೇ. 18 ಆಂಪ್ಸ್ ಅಂತ ಇದ್ರೆ 18 ಇಂಟು 12, 216 ವಾಟ್, ಅಷ್ಟೇ ಅದರ ಬಂಡವಾಳ, ಮೇಲೆ 450 ಅಂತ ಎಷ್ಟು ದಪ್ಪ ಅಕ್ಷರದಲ್ಲಿ ಬರೆದ್ರೂ. ಒಳ್ಳೇ ಕಂಪೆನಿಯ 550 ವಾಟಲ್ಲಿ ಅದೇ ಜಾಗದಲ್ಲಿ 40ರ ಮೇಲೆ ಇರ್ತದೆ. ಕೋರ್ಸೇರ್ ಸಿಎಕ್ಸ್550, ಡೀಪ್‌ಕೂಲ್ ಪಿಕೆ550ಡಿ, ಎಮ್‌ಎಸ್‌ಐ ಎ550ಬಿಎನ್, ಇದರಲ್ಲಿ ಯಾವುದು ಸಿಕ್ತದೋ ಅದು. ನಿಮ್ಮ ಪಿಸಿಗೆ ಲೋಡಲ್ಲಿ 300 ವಾಟ್ ಸಹ ಬೇಕಾಗೋದಿಲ್ಲ, ಆದ್ರೂ ನಾಳೆ ಕಾರ್ಡ್ ದೊಡ್ಡದು ಮಾಡಿದ್ರೆ ಎಸ್‌ಎಮ್‌ಪಿಎಸ್ ಬದಲಿಸ್ಬೇಕಂತ ಇಲ್ಲ.

ಕುಡ್ಲ_ಪಿಕ್ಸೆಲ್

ಕಾರ್ಡ್ ಬಗ್ಗೆ ನಾನು ಹೇಳ್ತೇನೆ. 1080ಪಿಗೆ ಆರ್‌ಎಕ್ಸ್ 6600 ತಕೊಳ್ಳಿ, 8 ಜಿಬಿ, 132 ವಾಟ್, ಒಂದು 8 ಪಿನ್ ಸಾಕು. 8 ಲೇನ್ ಕಾರ್ಡು, ಜೆನ್ 3 ಬೋರ್ಡಲ್ಲೂ ಹೆಚ್ಚು ನಷ್ಟ ಇಲ್ಲ. ಬರೀ ಗೇಮ್ ಆಡ್ಲಿಕ್ಕಾದ್ರೆ ಆರ್‌ಟಿಎಕ್ಸ್ 3050ಗಿಂತ ಇದು ಮುಂದೆ. 3050 ಅಂತ ಕೊಡ್ಲಿಕ್ಕೆ ಬಂದ್ರೆ ಮೊದಲು ಜಿಬಿ ಕೇಳಿ, 6 ಜಿಬಿ 3050 ಬೇರೆಯೇ ಕಾರ್ಡ್, ಹೆಸರು ಮಾತ್ರ ಒಂದೇ, ಕೋರ್ ಕಡಿಮೆ, ಮೆಮೊರಿ ಬಸ್ 128 ಬಿಟ್ ಬದಲು 96. ಅದು 70 ವಾಟಲ್ಲಿ ನಡೀತದೆ, ಪವರ್ ಕೇಬಲೇ ಬೇಡ, ಹಳೇ ಆಫೀಸ್ ಪಿಸಿಗೆ ಹಾಕ್ಲಿಕ್ಕೆ ಚಂದ, ನಿಮಗಲ್ಲ.

ಆದ್ರೆ ನೀವು ಬ್ಲೆಂಡರ್ ಅಂದ್ರಲ್ಲ, ಪೈಥಾನಲ್ಲಿ ಮುಂದೆ ಮಷೀನ್ ಲರ್ನಿಂಗ್ ಮಾಡ್ತೀರಾ? ಮಾಡೋದಾದ್ರೆ ಕುಡಾ (ಕಾರ್ಡಿನಿಂದ ಲೆಕ್ಕದ ಕೆಲಸ ಮಾಡಿಸುವ ಸಾಫ್ಟ್‌ವೇರ್) ಬೇಕಾಗ್ತದೆ, ಅದು ಎನ್‌ವಿಡಿಯಾದಲ್ಲಿ ಮಾತ್ರ. ಆಗ ಸೆಕೆಂಡ್ ಹ್ಯಾಂಡ್ 3060 12 ಜಿಬಿ ಹುಡುಕಿ, ಬಿಲ್ ಇದ್ದದ್ದು, ಎದುರಿಗೆ ಅರ್ಧ ಗಂಟೆ ಗೇಮ್ ಓಡಿಸಿ ತೋರಿಸುವವರ ಹತ್ರ ಮಾತ್ರ. 170 ವಾಟ್ ತಕೊಳ್ತದೆ, 550ರಲ್ಲಿ ಆರಾಮ. ಬೆಂಗಳೂರು ಎಸ್‌ಪಿ ರೋಡಲ್ಲಿ ಕಡಿಮೆಗೆ ಸಿಕ್ತದೆ ಅಂತ ಪಾರ್ಸೆಲ್ ಹಾಕಿಸುವವರು ಇದ್ದಾರೆ, ನಂಗಂತೂ ಕಾರ್ಡನ್ನು ನೋಡದೆ ಬಸ್ಸಿನ ಡಿಕ್ಕಿಯಲ್ಲಿ ಶಿರಾಡಿ ಘಾಟಿ ಇಳಿಸ್ಲಿಕ್ಕೆ ಮನಸ್ಸು ಬರೋದಿಲ್ಲ.

ಕ್ಯಾಬಿನೆಟ್ ತಕೊಳ್ಳುವಾಗ ಎದುರುಗಡೆ ಜಾಲರಿ ಇರ್ಬೇಕು, ಪೂರ್ತಿ ಗ್ಲಾಸ್ ಬೇಡ. ನಮ್ಮ ಸೆಕೆಗೆ ಗಾಳಿ ಮುಖ್ಯ, ಲೈಟಿಂಗ್ ಅಲ್ಲ. ಕಾರ್ಡಿನ ಉದ್ದ ಎಷ್ಟು ಮಿಲಿಮೀಟರ್, ಕ್ಯಾಬಿನೆಟ್ ಎಷ್ಟು ಹಿಡೀತದೆ, ಎರಡೂ ಸೈಟಲ್ಲಿ ಇರ್ತದೆ, ನೋಡ್ಕೊಳ್ಳಿ.

ಮಲ್ಪೆ_ವೋಲ್ಟ್

ಪಾರ್ಟ್ಸ್ ಬಗ್ಗೆ ಎಲ್ಲ ಬಂತು, ನಾನು ಕರೆಂಟ್ ಬಗ್ಗೆ ಹೇಳ್ತೇನೆ ಯಾಕಂದ್ರೆ ನಮ್ಮೂರಲ್ಲಿ ಪಿಸಿ ಸಾಯೋದು ಹೆಚ್ಚಾಗಿ ಅಲ್ಲೇ.

ಮೊದಲು ಮನೆಯ ಅರ್ತಿಂಗ್ ನೋಡಿಸಿ. ಕ್ಯಾಬಿನೆಟಿನ ಹಿಂದಿನ ಸ್ಕ್ರೂ ಮುಟ್ಟಿದಾಗ ಬೆರಳಿಗೆ ಜುಂ ಅಂತದೆ ಅಂದ್ರೆ ಪಿಸಿ ಹಾಳಾಗಿದೆ ಅಂತಲ್ಲ, ಎಸ್‌ಎಮ್‌ಪಿಎಸ್ ಒಳಗಿನ ಫಿಲ್ಟರ್‌ನಿಂದ ಸ್ವಲ್ಪ ಕರೆಂಟ್ ಬಾಡಿಗೆ ಬರೋದು ಮಾಮೂಲು, ಅದು ಹೋಗ್ಬೇಕಾದ್ದು ಅರ್ತ್ ವಯರಲ್ಲಿ, ಅರ್ತ್ ಇಲ್ಲದ್ರೆ ನಿಮ್ಮ ಕೈಯಲ್ಲಿ ಹೋಗ್ತದೆ. ಮುರಕಲ್ಲಿನ ನೆಲ ಮಾರ್ಚ್ ಏಪ್ರಿಲಲ್ಲಿ ಒಣಗಿ ಹೋಗ್ತದೆ, ಅರ್ತಿಂಗ್ ಗುಂಡಿಗೆ ನೀರು ಹಾಕ್ತಾ ಇರ್ಬೇಕು. ಹಳೇ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇರ್ತದೆ, ಮೂರನೇ ತೂತಿಗೆ ವಯರೇ ಇರೋದಿಲ್ಲ.

ಮತ್ತೆ ಸಿಡಿಲು. ಮಳೆಗಾಲ ಶುರುವಾಗುವ ಮೊದಲು ಮತ್ತೆ ಅಕ್ಟೋಬರ್ ನವೆಂಬರಲ್ಲಿ ಸಂಜೆ ಗುಡುಗು ಶುರುವಾದ್ರೆ ಸ್ವಿಚ್ ಆಫ್ ಮಾಡಿದ್ರೆ ಸಾಕಾಗೋದಿಲ್ಲ, ಪ್ಲಗ್ ಎಳೀಬೇಕು. ಪ್ಲಗ್ ಎಳೆದವರೂ ಲ್ಯಾನ್ ಕೇಬಲ್ ಬಿಡ್ತಾರೆ. ಫೈಬರ್ ಗಾಜು, ಅದರಲ್ಲಿ ಸಿಡಿಲು ಬರೋದಿಲ್ಲ, ಸರಿ, ಆದ್ರೆ ರೌಟರ್ ಅಡಾಪ್ಟರ್ ಗೋಡೆಯ ಕರೆಂಟಿಗೇ ಇರೋದಲ್ವಾ, ಅಲ್ಲಿಂದ ಲ್ಯಾನಲ್ಲಿ ನೇರ ಬೋರ್ಡಿಗೆ ಬರ್ತದೆ. ಎರಡನ್ನೂ ತೆಗೀರಿ.

ಯುಪಿಎಸ್ ತಕೊಳ್ಳೋದಾದ್ರೆ 600 ವಿಎ ಅಂದ್ರೆ 600 ವಾಟ್ ಅಲ್ಲ, ಹೆಚ್ಚಾಗಿ 360. ಈ ಪಿಸಿ, ಮಾನಿಟರ್ ಎರಡೂ ಸೇರಿ ಗೇಮ್ ನಡೀತಾ ಇರುವಾಗ ತುದಿಗೆ ಬರ್ತದೆ, 1 ಕೆವಿಎ ನೋಡಿ. ಈಗ ಬಜೆಟ್ ಇಲ್ಲದ್ರೆ ಆಮೇಲೆ ಮಾಡಿ, ಆದ್ರೆ ಅರ್ತಿಂಗ್ ಮಾತ್ರ ಪಿಸಿ ಬರುವ ಮೊದಲೇ ಆಗ್ಬೇಕು.

ಸಮುದ್ರದ ಹತ್ರ ಇದ್ರೆ ಇನ್ನೊಂದು ವಿಷಯ, ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿ ಇಡ್ಬೇಡಿ, ದಿನಕ್ಕೆ ಸ್ವಲ್ಪ ಹೊತ್ತಾದ್ರೂ ಆನ್ ಮಾಡಿ, ಬಿಸಿಗೆ ತೇವ ಹೋಗ್ತದೆ. ಇಲ್ಲಿ ಮಲ್ಪೆ ಕಡೆ ಹಿಂದಿನ ಯುಎಸ್‌ಬಿ ಪೋರ್ಟುಗಳ ಅಂಚು ಕಂದು ಬಣ್ಣಕ್ಕೆ ತಿರುಗೋದು ನಾವು ದಿನಾ ನೋಡುವಂಥದ್ದು.

ಬ್ರಹ್ಮಾವರ_ಬಿಲ್ಡ್

ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ಚಿಕ್ಕಪ್ಪನ ರ‍್ಯಾಮ್ ನೋಡಿದೆ, ಉದ್ದದ್ದೇ. ಈಗ ಲಿಸ್ಟ್ ಹೀಗೆ ಮಾಡಿದ್ದೇನೆ: 5600, ಹೊಸ ಬಿ550ಎಮ್, ಆ ಎರಡು ಸ್ಟಿಕ್, ಆರ್‌ಎಕ್ಸ್ 6600, 1 ಟಿಬಿ ಎನ್‌ವಿಎಮ್‌ಇ, ಸಿಎಕ್ಸ್550, ಜಾಲರಿ ಕ್ಯಾಬಿನೆಟ್. ಮಷೀನ್ ಲರ್ನಿಂಗ್ ಕಾಲೇಜಿನ ಲ್ಯಾಬಲ್ಲಿ ಮಾಡ್ತೇನೆ. 5600 ಎರಡು ರೇಟಲ್ಲಿ ಸಿಕ್ತಾ ಉಂಟು, ಒಂದು ಟ್ರೇ ಅಂತೆ, ಕಡಿಮೆ. ತಕೊಳ್ಬಹುದಾ?

ಸುರತ್ಕಲ್_ರಿಗ್

ಬಾಕ್ಸ್ ಇದ್ದದ್ದೇ ತಕೊಳ್ಳಿ. ಟ್ರೇ ಅಂದ್ರೆ ಬಿಡಿ ಪ್ರೊಸೆಸರ್, ಕೂಲರ್ ಬರೋದಿಲ್ಲ, ವಾರಂಟಿ ಅಂಗಡಿಯವರದ್ದು ಮಾತ್ರ. ಬಾಕ್ಸಲ್ಲಿ ವ್ರೇತ್ ಸ್ಟೆಲ್ತ್ ಕೂಲರ್ ಉಂಟು, ಎಎಮ್‌ಡಿಯ ಮೂರು ವರ್ಷದ ವಾರಂಟಿ ಉಂಟು. ಕೂಲರ್ ಬೇರೆ ತಕೊಂಡ್ರೆ ಉಳಿದ ದುಡ್ಡು ಅಲ್ಲೇ ಹೋಯ್ತು.

ಎಸ್‌ಎಸ್‌ಡಿ ಬಾಕ್ಸ್ ಮೇಲೆ ಎನ್‌ವಿಎಮ್‌ಇ ಅಂತಲೇ ಇರ್ಬೇಕು, ಎಮ್.2 ಅಂತ ಮಾತ್ರ ಇದ್ರೆ ನಿಧಾನದ ಸಾಟಾ ಆಗಿರ್ಲಿಕ್ಕೂ ಸಾಕು. ಜೋಡಿಸುವಾಗ ಪ್ರೊಸೆಸರಿನ 8 ಪಿನ್ ಕೇಬಲ್, ಕಾರ್ಡಿನ 8 ಪಿನ್ ಕೇಬಲ್ ನೋಡ್ಲಿಕ್ಕೆ ಒಂದೇ ತರ, ಬೇರೆ ಬೇರೆ. ಒಂದರಲ್ಲಿ ಸಿಪಿಯು, ಇನ್ನೊಂದರಲ್ಲಿ ಪಿಸಿಐಇ ಅಂತ ಬರೆದಿರ್ತದೆ, ಕೂರದಿದ್ರೆ ಒತ್ಬೇಡಿ. ಮಾನಿಟರ್ ಕೇಬಲ್ ಕಾರ್ಡಿಗೇ ಹಾಕಿ, 5600ಯಲ್ಲಿ ಗ್ರಾಫಿಕ್ಸ್ ಇಲ್ಲ, ಬೋರ್ಡಿನ ಎಚ್‌ಡಿಎಮ್‌ಐಗೆ ಹಾಕಿದ್ರೆ ಏನೂ ಬರೋದಿಲ್ಲ. ವಿಂಡೋಸ್ 11ರಲ್ಲಿ ವ್ಯಾಲೊರಂಟಿಗೆ ಟಿಪಿಎಮ್ 2.0 ಮತ್ತೆ ಸೆಕ್ಯೂರ್ ಬೂಟ್ ಅಂತ ಎರಡು ಸೆಕ್ಯೂರಿಟಿ ಸೆಟ್ಟಿಂಗ್ ಬೇಕು, ಎರಡೂ ಬಯೋಸಲ್ಲೇ ಉಂಟು, ವಿಂಡೋಸ್ ಹಾಕುವ ಮೊದಲೇ ಆನ್ ಮಾಡಿ ಬಿಡಿ.

ಜೋಡಿಸುವ ದಿನ ಎಲ್ಲಾದ್ರೂ ಸಿಕ್ಕಿ ಬಿದ್ರೆ ಬೋರ್ಡಿನ ಫೋಟೋ ಹಾಕಿ, ರಾತ್ರಿ 9ರ ಮೇಲೆ ನಾನು ಇರ್ತೇನೆ.